ಮೀಟರಿಗೆ ಒಂದು ವರ್ಷದ ಗ್ಯಾರಂಟಿ

ನನ್ನ ಸೋದರಮಾವ ಗಡಿಯಾರ ರಿಪೇರಿ ಮಾಡುವವನು. ಮನೆ ಹಾಳಾದರೂ ಸಹಿಸಿಕೊಂಡಾನು, ಕಣ್ಣೆದುರು ಒಂದು ಮುಳ್ಳು ಉಲ್ಟಾ ತಿರುಗಿದರೆ ಅವನಿಗೆ ಅನ್ನ ಸೇರುವುದಿಲ್ಲ. ನಮ್ಮ ಮನೆಯ ಕರೆಂಟಿಗೆ ಕುತ್ತು ಬಂದದ್ದು ಈ ಒಂದೇ ಗುಣದಿಂದ.

ಮುಂದಿನ ಕೋಣೆ ಮಾವನ ಅಂಗಡಿ. ನಾನು ಅಲ್ಲೇ ಕೆಲಸ ಕಲಿಯುತ್ತಿದ್ದೇನೆ. ಹಿಂದಿನ ಕೋಣೆಯಲ್ಲಿ ಅತ್ತೆಯ ಮೋಟಾರು ಹಾಕಿದ ಹೊಲಿಗೆ ಯಂತ್ರ. ನಡುಗೋಡೆಯ ಮೇಲೆ ಮೀಟರು. ಬೀದಿಯಲ್ಲಿ ಹೆಚ್ಚಿನವರಿಗೆ ಕೆಂಪು ದೀಪ ಮಿಟುಕಿಸುವ ಹೊಸ ಮೀಟರು ಬಂದಿದೆ, ಅಂಕಿ ಸೀದಾ ಮೂಡುತ್ತದೆ. ಪಕ್ಕದ ಮನೆಯದು ಅದಕ್ಕಿಂತ ಹಳೆಯದು, ಅಂಕಿ ಬರೆದ ಗಾಲಿಗಳು ಉರುಳುವಂಥದ್ದು. ನಮ್ಮದು ಅದರ ತಾತ. ಐದು ಪುಟ್ಟ ಮುಖಗಳು ಸಾಲಾಗಿ: ಹತ್ತು ಸಾವಿರ, ಸಾವಿರ, ನೂರು, ಹತ್ತು, ಬಿಡಿ. ಒಂದೊಂದಕ್ಕೂ ಒಂದು ಮುಳ್ಳು. ಮುಳ್ಳು ಎರಡು ಅಂಕಿಯ ನಡುವೆ ನಿಂತಿದ್ದರೆ ದಾಟಿ ಬಂದದ್ದನ್ನೇ ಬರೆದುಕೊಳ್ಳಬೇಕು. ಒಂದು ಮುಳ್ಳು ಬಲಕ್ಕೆ ಹೋದರೆ ಪಕ್ಕದ್ದು ಎಡಕ್ಕೆ, ಯಾಕೆಂದರೆ ಹಲ್ಲಿನ ಚಕ್ರಗಳು ಒಂದನ್ನೊಂದು ಕಚ್ಚಿಕೊಂಡರೆ ಹಾಗೇ ತಿರುಗುವುದು. ಎಂಟನೇ ಕ್ಲಾಸಿಗೆ ಕೈಮುಗಿದು ಬಂದ ನನಗೇ ಇದು ಗೊತ್ತು. ಮಾವನಿಗೂ ಗೊತ್ತು. ಆದರೆ ಅವನ ಪ್ರಕಾರ ಅದು ಮಾಡಿದವನ ಸೋಮಾರಿತನ.

ಸೋಮವಾರ ಮೀಟರ್ ಬದಲಿಸುವವನು ಬರುವವನಿದ್ದ. ಬೆಳಿಗ್ಗೆ ಧೂಳು ಒರೆಸಲು ಹೋದರೆ ಸೀಲಿನ ತಂತಿ ತುಂಡಾಗಿ ನೇತಾಡುತ್ತಿತ್ತು.

"ಮಾವ! ಸೀಲು ಯಾರು ಕಿತ್ತಿದ್ದು?"

"ನಾನೇ. ನಿನ್ನೆ ಮೇನ್ ಆಫ್ ಮಾಡಿ ಬಿಚ್ಚಿದೆ. ಮೂವತ್ತು ವರ್ಷ ಸಹಿಸ್ಕೊಂಡೆ ಕಣೋ. ಮಧ್ಯೆ ಒಂದೊಂದು ಚಕ್ರ ಸೇರಿಸಿ, ಅಂಕಿನೂ ತಿರುಗಿಸಿ ಬರ್ದಿದೀನಿ. ಈಗ ನೋಡು, ಐದೂ ಒಂದೇ ಕಡೆ!"

"ಚಕ್ರ ಎಲ್ಲಿಂದ ಬಂತು?"

"ನಿನ್ನ ಅಲಾರಾಂನಿಂದ."

ಅವತ್ತು ನಾನು ಒಂಬತ್ತು ಗಂಟೆಗೆ ಎದ್ದದ್ದು ಯಾಕೆಂದು ಆಗ ತಿಳಿಯಿತು.

"ಸೀಲು ಕಿತ್ತಿದ್ರೆ ಕರೆಂಟ್ ಕದ್ದಿದಾರೆ ಅಂತ ಬರೀತಾರೆ. ಲೈನ್ ಕಟ್ ಮಾಡ್ತಾರೆ!"

"ಕಳ್ಳ ಎಲ್ಲಾದ್ರೂ ಸಹಿ ಹಾಕ್ತಾನಾ?"

ಗಾಜಿನೊಳಗೆ ಚೀಟಿ ಅಂಟಿಸಿದ್ದ ಮಹಾರಾಯ! ರಿಪೇರಿ ಮಾಡಿದ ಪ್ರತಿ ಗಡಿಯಾರಕ್ಕೂ ಅಂಟಿಸುವ ಅದೇ ಚೀಟಿ: 'ಬಂದಾಗ ತೋರಿಸಿದ್ದು: 18342. ದೋಷ: ಮುಳ್ಳು ಉಲ್ಟಾ. ಸರಿಪಡಿಸಲಾಗಿದೆ. ಒಂದು ವರ್ಷ ಗ್ಯಾರಂಟಿ.' ಕೆಳಗೆ ಅವನದೇ ಸಹಿ.

ಅತ್ತೆ ಬಾಗಿಲಿಗೆ ಬಂದಳು. "ರೀ, ನಾಳಿದ್ದಿಗೆ ನಲವತ್ತು ಯೂನಿಫಾರ್ಮ್ ಕೊಡ್ಬೇಕು. ಕರೆಂಟ್ ಹೋದ್ರೆ ಮೋಟಾರು ಕಿತ್ತು ನಿಮ್ಮನ್ನ ಕಟ್ತೀನಿ."

ಹನ್ನೊಂದಕ್ಕೆ ಮೀಟರಿನವನು ಬಂದ. ಸ್ಟೂಲು ಹತ್ತಿ ಒಂದೇ ನೋಟಕ್ಕೆ ಓದಿಬಿಟ್ಟ. "ಇದೇನು, ಇಷ್ಟು ಸಲೀಸು? ಈ ಜಾತಿ ಮೀಟರ್ ಓದೋಕೆ ನಂಗೆ ಕತ್ತು ನೋವು ಬರುತ್ತೆ." ಮಾವ ಎದೆಯುಬ್ಬಿಸಿದ. ಆಮೇಲೆ ಆಸಾಮಿಯ ಕಣ್ಣು ಸೀಲಿನ ಮೇಲೆ ಬಿತ್ತು. ಮೀಟರನ್ನು ಕಳಚಿ ಮೇಜಿನ ಮೇಲಿಟ್ಟು ಫಾರಂ ತೆಗೆದ. ಗೋಡೆಯಲ್ಲಿ ಬರೀ ತಂತಿ ಉಳಿಯಿತು.

"ನೋಡಿ, ಇದ್ರಲ್ಲಿ ಎರಡೇ ಖಾನೆ. 'ಕಳ್ಳತನ' ಇಲ್ಲಾ 'ಕೆಟ್ಟಿದೆ'. ನೀವು ಕಳ್ಳರ ಥರ ಕಾಣಲ್ಲ. ಕೆಟ್ಟಿದೆ ಅಂತ ಸಹಿ ಹಾಕ್ಬಿಡಿ, ಹೊಸದು ಹಾಕಿ ಹೋಗ್ತೀನಿ."

ಇಷ್ಟು ಒಳ್ಳೆಯ ಮನುಷ್ಯ ಯಾರಿಗೆ ಸಿಗುತ್ತಾನೆ? ನಾನು ಪೆನ್ನು ಕೊಟ್ಟೆ. ಮಾವ ಅದನ್ನು ಮೇಜಿನ ಮೇಲೆ ಕುಕ್ಕಿದ.

"ನಾನು ರಿಪೇರಿ ಮಾಡಿದ್ದು ಕೆಟ್ಟಿದೆ ಅಂತ ನಾನೇ ಬರ್ಕೊಡ್ಲಾ? ಕಳ್ಳ ಅಂತ್ಲೇ ಬರ್ಕೊಳ್ರಿ!"

"ರೀ!" ಅಂದಳು ಅತ್ತೆ.

"ಸಹಿ ಇಲ್ದೆ ಹೊಸ ಮೀಟರ್ ಹಾಕೋ ಹಾಗಿಲ್ಲ," ಅಂದ ಮೀಟರಿನವನು.

ನನ್ನ ರಕ್ತ ನೆತ್ತಿಗೇರಿತು. "ಇವನ ಕೆಲಸ ಸರಿ ಇದೆಯೋ ಇಲ್ವೋ ಈಗ್ಲೇ ನೋಡೋಣ! ತಪ್ಪಾಗಿದ್ರೆ ಕೆಟ್ಟಿದೆ ಅಂತ ಸಹಿ. ಒಪ್ತೀಯಾ ಮಾವ?"

"ನೂರು ಸಲ ಒಪ್ತೀನಿ."

ನೂರು ಸಲವೇ ಆಯಿತು. ಬಿಡಿಯ ಮುಳ್ಳು ಹತ್ತು ಸುತ್ತು ಸುತ್ತಿದರೆ ಹತ್ತರ ಮುಳ್ಳು ಒಂದು ಸುತ್ತು ಮುಗಿಸಬೇಕು, ನೂರು ಸುತ್ತಿಗೆ ನೂರರದ್ದು. ಗಾಜು ತೆಗೆದು ತಿರುಗಿಸಿದ್ದು ನಾನು, ಬೆರಳಿನಿಂದ. ಎಣಿಸಿದ್ದು ಅತ್ತೆ, ಮಾವನನ್ನು ದುರುಗುಟ್ಟಿ ನೋಡುತ್ತಾ. ಅರವತ್ತಕ್ಕೆ ನನ್ನ ಬೆರಳು ಮರಗಟ್ಟಿತು. ಎಂಬತ್ತಕ್ಕೆ ಮೀಟರಿನವನು ನೆಲದ ಮೇಲೆ ಕೂತೇ ಬಿಟ್ಟ. ಆ ಗಳಿಗೆಯಲ್ಲಿ ದೇವರಾಣೆ, ಲೆಕ್ಕ ತಪ್ಪಲಿ ಅಂತಲೇ ಬೇಡಿಕೊಂಡೆ. ನೂರು. ಮೂರೂ ಮುಳ್ಳು ಹೊರಟ ಜಾಗಕ್ಕೇ ಬಂದು ನಿಂತವು, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಹಾಳು ಮಾವ! ಇಷ್ಟು ಚೆಂದದ ಕೆಲಸ ಮಾಡಿ ಮನೆ ಮುಳುಗಿಸುವವನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೀಟರಿನವನು ಚೀಟಿಯ ಅಂಕಿಯನ್ನು ಹೋದ ತಿಂಗಳ ಪುಸ್ತಕಕ್ಕೆ ಹೋಲಿಸಿ ನೋಡಿದ. ಅದೂ ಸರಿ, ತಿಂಗಳ ಬಳಕೆಯಷ್ಟೇ ಹೆಚ್ಚು. ತಲೆ ಕೆರೆದುಕೊಂಡು, ಫಾರಂನಲ್ಲಿ ಎರಡು ಖಾನೆಗಳ ಕೆಳಗೆ ತಾನೇ ಗೆರೆ ಎಳೆದು ಮೂರನೆಯದನ್ನು ಮಾಡಿ ಬರೆದ: 'ಬೇಡದಿದ್ದರೂ ರಿಪೇರಿ.'

"ಸಾಹೇಬ್ರು ಕೇಳಿದ್ರೆ ಆಫೀಸಿಗೆ ನೀವೇ ಬಂದು ಹೇಳ್ಬೇಕು, ಯಜಮಾನ್ರೇ."

"ಬರ್ತೀನಿ. ಬಿಚ್ಚಿ ತೋರಿಸ್ತೀನಿ."

"ಬಿಚ್ಚೋದು ಬೇಡ!" ಅಂದೆವು ನಾವು ಮೂವರೂ.

ಮಾವ ಸಹಿ ಹಾಕಿದ. ಹೊಸ ಮೀಟರು ಗೋಡೆ ಏರಿತು, ಒಳಗೆ ಅತ್ತೆಯ ಯಂತ್ರ ಗುರ್ ಅಂದಿತು. ಮೀಟರಿನ ಗಾಜಿನಲ್ಲಿ ಅಂಕಿಗಳು ಸರದಿಯಂತೆ ಮೂಡತೊಡಗಿದವು: ಮೊದಲು ಯೂನಿಟ್ಟು, ಆಮೇಲೆ ತಾರೀಕು, ಆಮೇಲೆ ಗಂಟೆ.

ಮಾವ ತನ್ನ ಕೈಗಡಿಯಾರ ನೋಡಿಕೊಂಡ. ಮೀಟರು ನೋಡಿದ. ಮತ್ತೆ ಕೈಗಡಿಯಾರ.

"ನಾಲ್ಕು ನಿಮಿಷ ಹಿಂದಿದೆ," ಅಂದ, ಯಾರಿಗೂ ಅಲ್ಲ ಎಂಬಂತೆ.

ನಾನು ಮೀಟರಿಗೆ ಬೆನ್ನು ಕೊಟ್ಟು ನಿಂತೆ. ಮಧ್ಯಾಹ್ನದ ಊಟವನ್ನೂ ಅಲ್ಲೇ ನಿಂತು ಮಾಡಿದೆ.