ಸೋನಾಬಾಯಿಯ ಉಸಿರಿನ ದಾರಿ

ತಿಕೋಟಾದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ ಜೀನತಳ ಕಾಲುಗಳು ತೊರವಿ ಹತ್ತಿರದ ಆಸ್ಪತ್ರೆಯ ಗೇಟಿನಲ್ಲಿ ಇಳಿಯುವಾಗಲೇ ಸೋತಿದ್ದವು. ಅರಿವಳಿಕೆ ವಿಭಾಗದಲ್ಲಿ ಎಂ.ಡಿ. ಓದುತ್ತಿದ್ದ ಅವಳಿಗೆ ಇದು ಕೊನೆಯ ವರ್ಷ. ನಿನ್ನೆ ಡ್ಯೂಟಿ, ಇವತ್ತೂ ಡ್ಯೂಟಿ, ಅದರ ಮೇಲೆ ಥೀಸಿಸ್ಸು.

ದಪ್ಪ ಮೈಯವರಿಗೆ ಪೂರ್ತಿ ಮಂಪರು ಕೊಟ್ಟಾಗ ಉಸಿರಿನ ದಾರಿ ಮುಚ್ಚಿಕೊಳ್ಳದಂತೆ ಗಂಟಲೊಳಗೆ ಒಂದು ಸಾಧನ ಇಡಬೇಕು. ಅಂಥ ಎರಡು ಸಾಧನಗಳನ್ನು ಅವಳು ಹೋಲಿಸಿ ನೋಡುತ್ತಿದ್ದಳು. ಒಂದು, ಒಳಗೆ ಕೂಡಿಸಿದ ಮೇಲೆ ಸಿರಿಂಜಿನಿಂದ ಗಾಳಿ ತುಂಬುವಂಥದ್ದು. ಇನ್ನೊಂದು, ಗಾಳಿ ಬೇಡದ ಮೆತ್ತನೆಯ ಜೆಲ್‌ನದು, ತಾನೇ ಗಂಟಲಿಗೆ ಒಗ್ಗಿಕೊಳ್ಳುವಂಥದ್ದು. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದ ಹಾಗೆ ಮುಚ್ಚಿದ ಲಕೋಟೆಯಲ್ಲಿರುತ್ತಿತ್ತು. ಕೇಳುವುದಕ್ಕೆ ಸರಳ. ಆದರೆ 'ನೀವು ದಪ್ಪ ಇದ್ದೀರಿ, ಅದಕ್ಕೇ ನಮಗೆ ಬೇಕು' ಅನ್ನುವುದನ್ನು ನೋಯದ ಹಾಗೆ ಹೇಳುವುದಿತ್ತಲ್ಲ, ಅದು ಅವಳನ್ನು ಹಿಂಡಿ ಹಾಕಿತ್ತು. ಎಷ್ಟೋ ಮಂದಿ ಮುಖ ತಿರುಗಿಸಿ ಹೋಗಿದ್ದರು.

ಅವತ್ತು ತಪಾಸಣೆಯ ಕೋಣೆಯಲ್ಲಿ ಸಾರವಾಡದ ಸೋನಾಬಾಯಿ ಕೂತಿದ್ದಳು. ಎದೆಯಲ್ಲೊಂದು ಗಂಟು, ಕೆಟ್ಟದ್ದಲ್ಲವೆಂದು ಸೂಜಿ ಪರೀಕ್ಷೆಯಲ್ಲಿ ಗೊತ್ತಾಗಿತ್ತು, ತೆಗೆಸಿದರೆ ಸಾಕಿತ್ತು. ಊರಲ್ಲಿ ಅವಳು ಅಂಗನವಾಡಿ ಟೀಚರು. ದೊಡ್ಡ ಮೈ, ದೊಡ್ಡ ಕುಂಕುಮ, ಮಡಿಲಲ್ಲಿ ಗಟ್ಟಿಯಾಗಿ ಹಿಡಿದ ಚೀಲ. ಕೋಣೆಯ ನಟ್ಟನಡುವೆ ಎಲ್ಲರ ಕಣ್ಣಿಗೂ ಬೀಳುವಂತೆ ತೂಕದ ಯಂತ್ರವಿತ್ತು.

"ಅದರ ಮ್ಯಾಲೆ ನಾ ಹತ್ತಂಗಿಲ್ರಿ," ಅಂದಳು ಸೋನಾಬಾಯಿ.

"ತೂಕ ಗೊತ್ತಾಗಲಿಲ್ಲಂದ್ರ ಔಷಧ ಎಷ್ಟ ಕೊಡಬೇಕಂತ ಹೆಂಗ ತಿಳೀಬೇಕ್ರಿ ಅಕ್ಕಾರ?"

"ಕಣ್ಣಲೆ ನೋಡಿ ಬರಕೋರಿ. ಹೋದ ಸಲ ಬ್ಯಾರೆ ದವಾಖಾನ್ಯಾಗ ಹತ್ತಿಸಿ, ಬಾಗಲದಾಗ ಕುಂತಾಂವಗ ಕೇಳೂ ಹಂಗ ಒದರಿದ್ರು. ಮಂದಿ ನಕ್ಕರು."

ಜೀನತಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಅದಕ್ಕೂ ಶಕ್ತಿ ಬೇಕಲ್ಲ. ಅವಳೇ ಯಂತ್ರವನ್ನು ಎಳೆದುಕೊಂಡು ಹೋಗಿ ಪರದೆಯ ಹಿಂದೆ ಇಟ್ಟಳು. ಸೋನಾಬಾಯಿ ಎದ್ದು ಬಂದು ಚಪ್ಪಲಿ ಕಳಚಿ ನಿಂತಳು. ಜೀನತ ಅಂಕಿಯನ್ನು ಬರೆದುಕೊಂಡಳು, ಬಾಯಿ ಬಿಡಲಿಲ್ಲ.

"ದಿನಾ ಹುಡುಗರ್ನ ತೂಗತೇನಿ," ಸೋನಾಬಾಯಿ ಇಳಿಯುತ್ತ ತಾನಾಗಿ ಹೇಳಿದಳು. "ಕೂಸಿನ ತೂಕ ಕಡಿಮಿ ಬಂತಂದ್ರ ತಾಯಿ ತಲಿ ತಗ್ಗಸ್ತಾಳ. ನಂಗೂ ಹಂಗ ಆಗ್ತೈತಿ."

ಆಮೇಲೆ ಜೀನತ ತನ್ನ ಥೀಸಿಸ್ಸಿನ ಮಾತು ತೆಗೆದಳು. ಎರಡು ಸಾಧನಗಳನ್ನೂ ಕೈಗೆ ಕೊಟ್ಟು ತೋರಿಸಿದಳು. ಸೋನಾಬಾಯಿ ಅವನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ನನ್ನ ಮ್ಯಾಲೆ ಪರೀಕ್ಷಾ ಮಾಡ್ತೀರೇನು?"

"ಹೌದ್ರಿ. ಆದ್ರ ಇವೆರಡೂ ದಿನಾ ಬಳಸೂವ. ದಪ್ಪ ಇದ್ದವರಿಗೆ ಯಾವುದು ಛಲೋ ಅನ್ನೂದು ನಮಗ ಪಕ್ಕಾ ಗೊತ್ತಿಲ್ಲ. ಸರಿಯಾಗಿ ಕುಂದರಲಿಲ್ಲಂದ್ರ ತಗದು ಶ್ವಾಸನಾಳಕ್ಕ ನಳಿಗಿ ಹಾಕ್ತೇವಿ. ನೀವು ಒಲ್ಲೆ ಅಂದ್ರೂ ಆಪರೇಷನ್ ಆಗ್ತೈತಿ, ಅದೇನ ನಿಲ್ಲಂಗಿಲ್ಲ."

ಸೋನಾಬಾಯಿ ಎರಡನ್ನೂ ವಾಪಸು ಕೊಟ್ಟಳು. "ಗೊತ್ತಿಲ್ಲ ಅಂದ ಡಾಕ್ಟರ್ ನೀವ ಮೊದಲನೇದವರು," ಅಂದು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದಳು. "ಏನಾತಂತ ಆಮ್ಯಾಲೆ ನಿಮ್ಮ ಬಾಯಿಲೆ ನನಗ ಹೇಳಬೇಕು, ನೋಡ್ರಿ."

ಮರುದಿನ ಆಪರೇಷನ್ ಟೇಬಲ್ಲಿನ ಮೇಲೆ ಅವಳ ಬೆನ್ನಿಗೂ ತಲೆಗೂ ದಿಂಬು ಒಟ್ಟಿ ಎತ್ತರ ಮಾಡಿ ಮಲಗಿಸಿದರು. ಜೀನತಳ ಗೈಡ್ ಡಾಕ್ಟರ್ ರಾಜಾರಾಮ ಪಕ್ಕದಲ್ಲೇ ಇದ್ದರು. ಲಕೋಟೆ ಒಡೆದರೆ ಜೆಲ್‌ನದು ಬಂತು. ಅವರ ಮುಖ ಅರಳಿತು. ದಪ್ಪ ಮೈಯವರಿಗೆ ಅದೇ ಸರಿ ಎಂದು ಅವರು ಸಭೆಗಳಲ್ಲಿ ಹೇಳುತ್ತ ಬಂದವರು.

ಸೋನಾಬಾಯಿ ಮಂಪರಿಗೆ ಜಾರಿದಳು. ಜೀನತ ಸಾಧನವನ್ನು ಸಲೀಸಾಗಿ ಒಳಗೆ ಜಾರಿಸಿದಳು. ಉಸಿರು ತುಂಬುವ ರಬ್ಬರ್ ಚೀಲ ಒತ್ತಿದಾಗ ಎದೆ ಅರ್ಧಕ್ಕೆ ಎದ್ದು ನಿಂತುಬಿಟ್ಟಿತು; ಗಾಳಿ ಸಾಧನದ ಪಕ್ಕದಿಂದ ಬುಸುಬುಸು ಸೋರಿತು. ತೆಗೆದಳು, ಮಾಸ್ಕಿನಿಂದ ಉಸಿರು ಕೊಟ್ಟಳು, ಒಂದು ಅಳತೆ ದೊಡ್ಡದನ್ನು ಹಾಕಿದಳು. ಮತ್ತೆ ಅದೇ ಸಪ್ಪಳ. ಆಮ್ಲಜನಕ ತೋರಿಸುವ ಮಾನಿಟರಿನ ಬೀಪ್ ದನಿ ಇಳಿಯತೊಡಗಿತು. ದಪ್ಪ ಮೈಯವರ ಆಮ್ಲಜನಕ ಕಾಯುವುದಿಲ್ಲ, ನೋಡನೋಡುತ್ತಲೇ ಕುಸಿಯುತ್ತದೆ.

"ಇನ್ನೊಮ್ಮೆ ನೋಡು," ಅಂದರು ರಾಜಾರಾಮ. "ತಲಿ ಸ್ವಲ್ಪ ಹಿಂದಕ್ಕ ಮಾಡು. ಕುಂದ್ರತೈತಿ ಅದು."

ಕೂತರೂ ಕೂತೀತು. ಕೂತರೆ ಥೀಸಿಸ್ಸಿಗೂ ಚೆಂದ, ಗೈಡಿಗೂ ಸಮಾಧಾನ. ಆದರೆ ಎರಡೇ ಪ್ರಯತ್ನ ಎಂದು ಥೀಸಿಸ್ಸಿನ ನಿಯಮದಲ್ಲಿ ಮೊದಲೇ ಬರೆದುಕೊಂಡದ್ದು ಇಂಥ ಗಳಿಗೆಗಾಗಿಯೇ ಅಲ್ಲವೇ? ಅವಳಿಗೆ ವಾದ ಮಾಡಲೂ ತ್ರಾಣವಿರಲಿಲ್ಲ.

"ಎರಡ ಸಲ ಆತ್ರಿ ಸರ್. ನಾ ಟ್ಯೂಬ್ ಹಾಕ್ತೇನಿ."

ರಾಜಾರಾಮ ಒಂದು ಕ್ಷಣ ಅವಳನ್ನೇ ನೋಡಿದರು. ಆಮೇಲೆ ಸ್ನಾಯು ಸಡಿಲಿಸುವ ಔಷಧವನ್ನು ತಾವೇ ಕೊಟ್ಟು, ಗಂಟಲು ನೋಡುವ ಕ್ಯಾಮೆರಾ ಉಪಕರಣವನ್ನು ಅವಳ ಕೈಗಿತ್ತರು. ಮಾಸ್ಕಿನಿಂದ ಉಸಿರು ಕೊಟ್ಟು ಬೀಪ್ ಮೇಲೇರಿದ ಮೇಲೆ ಅವಳು ನಳಿಗೆ ಇಳಿಸಿದಳು. ಎದೆ ಪೂರ್ತಿ ಎದ್ದಿತು. ಸರ್ಜನ್ನರು ತಮ್ಮ ಕೆಲಸ ಶುರು ಮಾಡಿದರು. ಜೀನತ ಸ್ಟೂಲಿನ ಮೇಲೆ ಕುಸಿದು ಕೂತು ಮಾನಿಟರಿನ ಮೇಲೆ ಕಣ್ಣಿಟ್ಟಳು.

ಮಧ್ಯಾಹ್ನ ವಾರ್ಡಿನಲ್ಲಿ ಸೋನಾಬಾಯಿ ಒಡಕು ದನಿಯಲ್ಲಿ ಕರೆದಳು. "ಗಂಟಲ ಉರಿಯಾಕತ್ತೈತ್ರಿ. ಏನಾತು, ಹೇಳ್ರಿ."

ಜೀನತ ಮಂಚದ ತುದಿಯಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಸೋರಿದ್ದನ್ನು, ಆಮ್ಲಜನಕ ಇಳಿದದ್ದನ್ನು, ನಳಿಗೆ ಹಾಕಿದ್ದನ್ನು.

ಸೋನಾಬಾಯಿಯ ಮುಖ ಸಣ್ಣದಾಯಿತು. "ನನ್ನ ಮೈ ನಿಮ್ಮ ಕೆಲಸಾ ಕೆಡಿಸ್ತು, ಹೌದಲ್ಲ? ನಾ ಫೇಲ್ ಆದ್ನಿ."

"ನೀವಲ್ರಿ ಅಕ್ಕಾರ. ಫೇಲ್ ಆಗಿದ್ದು ಅದು. ನಿಮಗ ಕುಂದರೂ ಹಂಗ ಅದನ್ನ ಮಾಡಿಲ್ಲ. ನಾ ಹಂಗ ಬರೀತೇನಿ."

ಸೋನಾಬಾಯಿ ನಗಲು ಹೋಗಿ ಕೆಮ್ಮಿದಳು. ಗಂಟಲ ಮೇಲೆ ಕೈ ಇಟ್ಟುಕೊಂಡು, ಕಣ್ಣಲ್ಲಿ ನೀರು ಬಂದರೂ ನಗುತ್ತಲೇ ಇದ್ದಳು. ಮುಂದೆ ಎಲ್ಲಿ ಆಪರೇಷನ್ ಆದರೂ ಮೊದಲೇ ನಳಿಗೆ ಹಾಕಲು ಹೇಳಬೇಕೆಂದು ಜೀನತ ಎರಡೆರಡು ಸಲ ತಿಳಿಸಿದಳು. ಡಿಸ್ಚಾರ್ಜ್ ಕಾರ್ಡಿನಲ್ಲೂ ಬರೆದಳು.

ಸಂಜೆ ರಾಜಾರಾಮ ಚಹಾದ ಕಪ್ಪು ಹಿಡಿದುಕೊಂಡೇ ಬಂದರು. "ಥೀಸಿಸ್ಸಿನ್ಯಾಗ ಆ ಕೇಸ್ ಬಿಟ್ಟರೂ ನಡೀತೈತಿ. ಕುತ್ತಿಗಿ ಭಾಳ ಗಿಡ್ಡ ಇತ್ತು ಅಕೀದು."

"ಅಂಥವರ ಸಲುವಾಗೇ ಅಲ್ಲೇನ್ರಿ ಸರ್ ಇದು?"

ಅವರು ಚಹಾ ಮುಗಿಸಿ ಕಪ್ಪು ಕೆಳಗಿಟ್ಟರು. "ಇರ್ಲಿ ಹಂಗಾರ," ಅಂದರು ಕೊನೆಗೆ. "ನಾಳೆ ಬಬಲೇಶ್ವರದಿಂದ ಇನ್ನೊಬ್ಬಾಕಿ ಬರಾಕತ್ತಾಳ. ಅಕೀನ ಕೂಡ ನೀನ ಮಾತಾಡು. ನನ್ನ ಮುಖಾ ನೋಡಿದ್ರ ಮಂದಿ ಒಲ್ಲೆ ಅಂತಾರ."

ಜೀನತ ತಲೆಯಾಡಿಸಿದಳು. ಹೊರಗೆ ಬಿಸಿಲು ಇನ್ನೂ ಆರಿರಲಿಲ್ಲ. ರಸ್ತೆ ದಾಟಿ ತಿಕೋಟಾ ಬಸ್ಸಿಗೆ ಕಾಯುತ್ತ ಬೇವಿನ ಗಿಡದ ಬುಡಕ್ಕೆ ಒರಗಿದಳು. ಒಬ್ಬರ ಉಸಿರು ನಿಲ್ಲದೆ ನಡೆದಿತ್ತು, ಅಷ್ಟೇ ಇವತ್ತಿನ ಲಾಭ. ಖುಷಿ ಪಡಬೇಕು ಅನ್ನಿಸಿತು. ಅಷ್ಟರಲ್ಲಿ ಕಣ್ಣು ನಿದ್ದೆಗೆ ಎಳೆಯಿತು.