ಅತ್ತೆ ಹೇಳಿದ ಹೆಸರು

ಚಿಕ್ಕೋಡಿಯಲ್ಲಿ ಕಂಪ್ಯೂಟರ್ ಕಲಿಸುವ ನನಗೆ, ವಿಂಡೋಸ್ ಬಿಟ್ಟು ಲಿನಕ್ಸ್ ವ್ಯವಸ್ಥೆಯಲ್ಲೇ ಕಂಪ್ಯೂಟರ್ ನಡೆಸಬಲ್ಲೆನೆಂಬ ಸೊಕ್ಕಿತ್ತು. ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಅದು ಇಳಿಯಿತು.

ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಸೋದರತ್ತೆಯೇ ಹೆಸರು ಹೇಳಬೇಕು. ನನ್ನ ಅಕ್ಕ ಸ್ನೇಹಲ ಕೊಲ್ಲಾಪುರದ ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದಳು. ಹೆಸರು ಆರಿಸಿಟ್ಟಿದ್ದಳು, ಯಾರಿಗೂ ಅದರ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ನರ್ಸ್ ಐದು ನಿಮಿಷದ ವಿಡಿಯೋ ಕರೆಗೆ ಒಪ್ಪಿದ್ದಳು.

ನನ್ನ ಕಂಪ್ಯೂಟರಿನ ತೆರೆಗೆ ಅಕ್ಕನ ಮುಖ ಬಂತು, ಧ್ವನಿ ಬರಲಿಲ್ಲ. ಬೆಳಿಗ್ಗೆ ಅಪ್‌ಡೇಟ್ ಆಗಿದ್ದ ಕರೆಯ ತಂತ್ರಾಂಶಕ್ಕೆ ಈಗ ಧ್ವನಿ ಕೇಳಿಸಲು ಪಲ್ಸ್‌ಆಡಿಯೋ ಎಂಬ ಇನ್ನೊಂದು ತಂತ್ರಾಂಶ ಬೇಕಂತೆ. ಬೇಡದ ಹೊರೆ ಎಂದು ಅದನ್ನು ಕಿತ್ತೆಸೆದವನು ನಾನೇ.

"ನನ್ನ ಮೊಬೈಲ್‌ನ್ಯಾಗ ಹಚ್ಚರಿ," ಎಂದಳು ಹೆಂಡತಿ ಪ್ರಾಜಕ್ತಾ.

"ಎರಡ ನಿಮಿಷ ತಡೀಬೇ, ಸರಿ ಮಾಡಾಕತ್ತೀನಿ!" ಎಂದು ರೇಗಿ, ಕೀಲಿಮಣೆ ಕುಟ್ಟುತ್ತಲೇ ಇದ್ದೆ.

ಅವ್ವ ಹೆಡ್‌ಫೋನನ್ನು ಕೂಸಿನ ಕಿವಿಗೆ ಹಿಡಿದೇ ಇದ್ದಳು. ತೆರೆಯ ಮೇಲೆ ಅಕ್ಕನ ತುಟಿ ಪಿಸುಗುಡುವಂತೆ ಅಲುಗಿತು. ಹೇಳಿದ ಸಮಾಧಾನದಲ್ಲಿ ಅವಳು ನಕ್ಕಳು. ಕರೆ ಮುಗಿಯಿತು.

ಮತ್ತೆ ಕರೆ ಹಚ್ಚುವಷ್ಟರಲ್ಲಿ ಅವಳಿಗೆ ಎಚ್ಚರ ತಪ್ಪಿತ್ತು. ಮರುದಿನ ತೀರಿಕೊಂಡಳು.

ಕಂಪ್ಯೂಟರಿನಲ್ಲಿ ಈಗ ಧ್ವನಿ ಚೆನ್ನಾಗಿ ಬರುತ್ತದೆ. ವರ್ಷ ತುಂಬಿದ ಮಗಳನ್ನು ನಾವಿನ್ನೂ ಕೂಸು ಎಂದೇ ಕರೆಯುತ್ತೇವೆ.