ಜೇಬಿಗೆ ಹಾಕಿಕೊಂಡ ಕರಡಿಗೆ

ಕೋರ್ಟು ಬಿಟ್ಟರೂ ನರ್ಸಿಂಗ್ ಕೌನ್ಸಿಲ್ಲು ಬಿಡಬೇಕಲ್ಲ! ಕುಸುಮಾ ಕದ್ದಿದ್ದು ಸಾಬೀತಾಗಲಿಲ್ಲ, ಸಂಶಯದ ಲಾಭ ಕೊಟ್ಟು ಬಿಟ್ಟಿದ್ದೇವೆ ಅಂತ ತೀರ್ಪು ಬಂತು. ಅವಳು ಕಳ್ಳಿ ಅಲ್ಲ ಅಂತ ಮಾತ್ರ ಅದರಲ್ಲಿ ಎಲ್ಲೂ ಇರಲಿಲ್ಲ. ಈ ಎರಡಕ್ಕೂ ಏನು ವ್ಯತ್ಯಾಸ ಅಂತ ಮಲ್ಲತ್ತಹಳ್ಳಿಯ ಯಾವ ಆಂಟಿಯನ್ನು ಕೇಳಿದರೂ ಗೇಟಿಗೆ ಒರಗಿಕೊಂಡು ಹೇಳ್ತಾರೆ. ಕೇಸು ಬಿದ್ದಾಗ ಅಮಾನತಾದ ನರ್ಸಿಂಗ್ ನೋಂದಣಿ ಹಾಗೇ ಅಮಾನತಿನಲ್ಲಿ ಉಳಿಯಿತು. ನೋಂದಣಿ ಇಲ್ಲದ ನರ್ಸು ಸೂಜಿ ಮುಟ್ಟುವ ಹಾಗಿಲ್ಲ.

ಅವಳೇನು ಸುಮ್ಮನೆ ಕೂರಲಿಲ್ಲ. ಲಗ್ಗೆರೆಯ ಗಾರ್ಮೆಂಟ್ಸಿಗೆ ಸೇರಿ ಅಂಗಿಗೆ ಕಾಲರ್ ಹೊಲಿದಳು. ಗೋವಿಂದರಾಜನಗರದಲ್ಲಿ ಹೋಮ್ ಕೇರ್ ನಡೆಸುವವನೊಬ್ಬ ಕರೆದು, "ಬನ್ನಿ ಸಿಸ್ಟರ್, ಆಯಾ ಅಂತ ಹೆಸರು ಹಾಕ್ಕೋತೀನಿ, ಡ್ರಿಪ್ ಮಾತ್ರ ನೀವೇ ಹಾಕಿ. ಯಾರು ಕೇಳ್ತಾರೆ?" ಅಂದ.

"ನಾನೇ ಕೇಳ್ತೀನಿ," ಅಂದವಳೇ ಎದ್ದು ಬಂದಳು. ಅವಳಿಗೆ ಬೇಕಾಗಿದ್ದುದು ಅವಳ ನೋಂದಣಿ. ಓದಿ, ಕಷ್ಟಪಟ್ಟು ಗಳಿಸಿದ್ದು. ಹಿಂಬಾಗಿಲಿನ ಕೆಲಸ ಯಾವಳಿಗೆ ಬೇಕು?

ಆಗಿದ್ದಾದರೂ ಏನು ಅಂತೀರಾ? ಕೇಳಿ. ವಿಜಯನಗರದ ಒಂದು ನರ್ಸಿಂಗ್ ಹೋಮಿನ ಕ್ಯಾಶುವಾಲ್ಟಿಯಲ್ಲಿ ಕುಸುಮಾಗೆ ಡ್ಯೂಟಿ. ಬಸವೇಶ್ವರನಗರದ ಶಿವಗಂಗಮ್ಮ ಎಂಬ ಹಿರಿಯ ಹೆಂಗಸನ್ನು ಮಗ ಗಿರಿರಾಜ್ ಎತ್ತಿಕೊಂಡು ಓಡಿಬಂದ. ಮಂಚಕ್ಕೆ ಹಾಕುವಷ್ಟರಲ್ಲಿ ಆಕೆಯ ಹೃದಯ ನಿಂತಿತು. ಕರೆಂಟಿನ ಶಾಕ್ ಕೊಡಬೇಕು, ಎದೆಯ ಮೇಲೆ ನೋಡಿದರೆ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಕುಸುಮಾ ಹಿಂದೆಮುಂದೆ ನೋಡದೆ ಶಿವದಾರ ಕತ್ತರಿಸಿದಳು. ಈಗ ಅದನ್ನು ಎಲ್ಲಿಡುವುದು? ನೆಲದ ಮೇಲೆ ವಾಂತಿ, ಟ್ರೇ ತುಂಬ ರಕ್ತ. ಒಕ್ಕಲಿಗರ ಮನೆಯ ಹುಡುಗಿಯಾದರೂ ಲಿಂಗ ನೆಲ ಮುಟ್ಟಬಾರದು ಅನ್ನುವಷ್ಟು ಗೊತ್ತಿತ್ತು. ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಎದೆ ಒತ್ತಲು ನಿಂತಳು. ಹೃದಯ ಮತ್ತೆ ಹೊಡೆದುಕೊಂಡಿತು. ಆಕೆಯನ್ನು ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಅಷ್ಟರಲ್ಲಿ ಮಾಗಡಿ ರೋಡಿನಿಂದ ಆಕ್ಸಿಡೆಂಟ್ ಕೇಸು ಬಂತು, ಅದರ ಹಿಂದೆಯೇ ಇನ್ನೊಂದು. ಜೇಬಿನಲ್ಲಿದ್ದುದು ಜೇಬಿನಲ್ಲೇ ಮನೆಗೆ ಬಂತು.

ಬೆಳಗ್ಗೆ ಬಟ್ಟೆ ನೆನೆಸಲು ಹೋದ ಅವಳ ತಾಯಿ ವಿಮಲಮ್ಮನ ಕೈಗೆ ಅದು ಸಿಕ್ಕಿತು. "ಅಯ್ಯೋ ಶಿವನೇ! ಯಾರದೇ ಇದು?"

ಕುಸುಮಾ ತಟ್ಟನೆ ಕೈ ಚಾಚಿದಳು. "ಕೊಡಮ್ಮ, ಈಗಲೇ ಹೋಗಿ ಕೊಟ್ಟು ಬರ್ತೀನಿ."

ಅಲ್ಲಿ ನೋಡಿ, ಆ ತಾಯಿ ಅಡ್ಡ ನಿಂತಳು! ರಾತ್ರಿಯಿಡೀ ಜೇಬಿನಲ್ಲಿ ಬಿದ್ದಿದ್ದ ಲಿಂಗವನ್ನು ಪೂಜೆಯಿಲ್ಲದೆ ಹೊಸಲು ದಾಟಿಸಬಾರದಂತೆ. ತಲೆಗೆ ನೀರು ಹಾಕಿಕೊಂಡಳು, ಕೆರೆಯ ಹತ್ತಿರದ ಮರದಿಂದ ಬಿಲ್ವಪತ್ರೆ ತಂದಳು, ಕರಡಿಗೆಯನ್ನು ದೇವರ ಗೂಡಿನಲ್ಲಿಟ್ಟು ವಿಭೂತಿ ಹಚ್ಚಿದಳು. ಆಸ್ಪತ್ರೆಗೆ ಒಂದು ಫೋನ್ ಮಾಡೋಣ ಅಂತ ಇಬ್ಬರಿಗೂ ಹೊಳೆಯಲಿಲ್ಲ. ಹೇಗೂ ಈಗ ಕೊಟ್ಟೇಬಿಡ್ತೀವಲ್ಲ ಅನ್ನೋ ಧೈರ್ಯ. ಮಂಗಳಾರತಿ ಮುಗಿಯುವ ಮೊದಲೇ ಬಾಗಿಲಲ್ಲಿ ಪೊಲೀಸರು, ಅವರ ಹಿಂದೆ ಗಿರಿರಾಜ್. ಕುಸುಮಾ ಕರಡಿಗೆಯನ್ನು ಬಾಗಿಲಿಗೇ ತಂದುಕೊಟ್ಟಳು, ಒಳಗಿನ ಗೂಡನ್ನು ಯಾರೂ ನೋಡಲಿಲ್ಲ. ಅವಳು ಜೇಬಿಗೆ ಹಾಕಿಕೊಂಡಿದ್ದು ಕ್ಯಾಶುವಾಲ್ಟಿಯ ಕ್ಯಾಮೆರಾದಲ್ಲಿ ಚೆನ್ನಾಗಿ ಬಿದ್ದಿತ್ತು.

ಕೋರ್ಟಿನಲ್ಲಿ ಪೂಜೆಯ ವಿಷಯ ಎತ್ತಲೇಬೇಡಿ ಅಂದಿದ್ದರು ವಕೀಲ ರಾಜೇಂದ್ರ. "ಗೊತ್ತಿದ್ದೂ ಗೂಡಲ್ಲಿ ಇಟ್ಕೊಂಡಿದ್ರಿ ಅಂದ್ರೆ ಸ್ವಂತ ಮಾಡ್ಕೊಳ್ಳೋ ಉದ್ದೇಶ ಅಂತಾರೆ. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ." ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬಿಡುಗಡೆ ಸಿಕ್ಕಿತು ನಿಜ, ಆದರೆ ಮರೆತು ತಂದಿದ್ದು ಅನ್ನೋದನ್ನು ಒಬ್ಬರೂ ನಂಬಲಿಲ್ಲ.

ಈಗ ಕೌನ್ಸಿಲ್ಲಿನ ವಿಚಾರಣೆಗೂ ರಾಜೇಂದ್ರ ಅದೇ ಪಾಠ ಹೇಳಿಕೊಟ್ಟರು. ಮೆಟ್ಟಿಲು ಹತ್ತುವಾಗ ಕುಸುಮಾ ನಿಂತಳು.

"ಸಾರ್, ಬಾಯಿ ಮುಚ್ಕೊಂಡು ಅರ್ಧ ಮರ್ಯಾದೆ ತಗೊಂಡೆ. ಇನ್ನರ್ಧ ಬಾಯಿಬಿಟ್ಟೇ ತಗೋತೀನಿ."

"ನೋಂದಣಿ ಶಾಶ್ವತವಾಗಿ ಹೋಗಬಹುದು ಕಣಮ್ಮ."

"ಹೋದ್ರೆ ಹೋಗ್ಲಿ. ನಿಜ ಹೇಳಿ ಕಳ್ಕೋತೀನಿ."

ಒಳಗೆ ಹೋದರೆ ಗಿರಿರಾಜ್ ಕೂತಿದ್ದಾನೆ. ಪಕ್ಕದಲ್ಲಿ ವಾಕರ್ ಹಿಡಿದುಕೊಂಡು ಸಾಕ್ಷಾತ್ ಶಿವಗಂಗಮ್ಮ. ಕೋರ್ಟಿಗೆ ಒಮ್ಮೆಯೂ ಬಾರದ ಹೆಂಗಸು! ದೂರುದಾರರಿಗೂ ನೋಟಿಸು ಹೋಗಿತ್ತು, ಆಕೆ ಹಟ ಮಾಡಿ ಬಂದಿದ್ದಳು. ಕುಸುಮಾ ಮುಂದೆ ಬಂದು ನಿಂತಳು. ಶಿವದಾರ ಕತ್ತರಿಸಿದ್ದು, ಜೇಬು, ಗೂಡು, ಬಿಲ್ವಪತ್ರೆ, ಎಲ್ಲವನ್ನೂ ಕೌನ್ಸಿಲ್ಲಿನ ಅಧ್ಯಕ್ಷೆಯ ಮುಖ ನೋಡಿಕೊಂಡೇ ಹೇಳಿದಳು. ರಾಜೇಂದ್ರ ಹಣೆ ಹಣೆ ಚಚ್ಚಿಕೊಂಡರು.

ಗಿರಿರಾಜ್ ಭುಗಿಲೆದ್ದ. "ಕೇಳಿದ್ರಾ ಮೇಡಂ? ಗೊತ್ತಿದ್ದೇ ಇಟ್ಕೊಂಡಿದ್ದಾಳೆ! ಇಷ್ಟು ದಿನ ಇಲ್ಲದ ಪೂಜೆ ಕಥೆ ಈಗ ಎಲ್ಲಿಂದ ಬಂತು?"

"ಕೂತ್ಕೋ ಗಿರಿ," ಅಂದಳು ಶಿವಗಂಗಮ್ಮ. ಕುಸುಮಾ ಕಡೆ ತಿರುಗಿದಳು. "ಮುಚ್ಚಳ ತೆಗೆದ್ರೇನಮ್ಮ?"

"ಇಲ್ಲ ತಾಯಿ. ನಿಮ್ಮ ಲಿಂಗ ನೋಡೋ ಹಕ್ಕು ನಮಗೆಲ್ಲಿದೆ? ನಮ್ಮಮ್ಮ ಮುಚ್ಚಳದ ಮೇಲೇ ವಿಭೂತಿ ಹಚ್ಚಿದ್ರು."

ಮುದುಕಿಯ ಕಣ್ಣು ತುಂಬಿ ಬಂತು. "ಪೊಲೀಸ್ನೋರು ವಾಪಸ್ ಕೊಟ್ಟಾಗ ಮುಚ್ಚಳದ ಮೇಲೆ ವಿಭೂತಿ ಇತ್ತು ಮೇಡಂ. ಕಳ್ಳರು ವಿಭೂತಿ ಹಚ್ತಾರೇನೋ ಅಂತ ಇವನನ್ನ ಕೇಳ್ದೆ. ಸುಮ್ನಿರಮ್ಮ ಅಂದ. ಆವತ್ತು ನನ್ನ ಲಿಂಗ ಪೂಜೆ ಇಲ್ದೆ ಅನಾಥವಾಗಿ ಬಿದ್ದಿತ್ತಲ್ಲ ಅಂತ ಇಷ್ಟು ದಿನ ಕೊರಗಿದೀನಿ. ಅದೊಂದು ಕೇಳೋಣ ಅಂತಲೇ ಬಂದೆ. ಯಾರೋ ಪುಣ್ಯಾತ್ಗಿತ್ತಿ ಮಾಡಿದ್ದಾಳೆ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಈ ಹುಡುಗಿ ದಾರ ಕತ್ತರಿಸದೇ ಇದ್ದಿದ್ರೆ ನಾನೂ ಇರ್ತಿರಲಿಲ್ಲ, ನನ್ನ ಪೂಜೇನೂ ಇರ್ತಿರಲಿಲ್ಲ."

ಗಿರಿರಾಜ್ ತಲೆ ಎತ್ತಲಿಲ್ಲ. ಅಮ್ಮ ಸತ್ತೇಹೋದಳು ಅಂತ ಹೆದರಿದ್ದ ಮಗ ಆ ಹೆದರಿಕೆಯ ಸಿಟ್ಟನ್ನೆಲ್ಲ ಕೈಗೆ ಸಿಕ್ಕಿದ ಒಬ್ಬಳ ಮೇಲೆ ಸುರಿದಿದ್ದ. ಈಗ ಅದನ್ನು ಬಾಯಿಬಿಟ್ಟು ಹೇಳುವುದು ಅವನಿಗೆ ಕಷ್ಟವಾಯಿತು. "ನನ್ನ ಆಕ್ಷೇಪಣೆ ಏನೂ ಇಲ್ಲ ಮೇಡಂ," ಅಂತಷ್ಟೇ ಅಂದ.

ಅಧ್ಯಕ್ಷೆ ಕನ್ನಡಕ ತೆಗೆದಿಟ್ಟರು. "ನಾಳೆ ಇಂಥದ್ದೇ ಕೇಸು ಬಂದ್ರೆ ಏನು ಮಾಡ್ತೀರಿ ಸಿಸ್ಟರ್?"

ಮುಟ್ಟುವುದೇ ಇಲ್ಲ ಅನ್ನಿ ಅಂತ ರಾಜೇಂದ್ರ ಕಣ್ಣಲ್ಲೇ ಬೇಡಿಕೊಂಡರು.

"ಕತ್ತರಿಸ್ತೀನಿ ಮೇಡಂ. ಗಾಜ್ ಬಟ್ಟೆಯಲ್ಲಿ ಸುತ್ತಿ ಅವರ ಮುಂಗೈಗೇ ಕಟ್ತೀನಿ. ಕಟ್ಟಿದೀನಿ ಅಂತ ಎಲ್ಲರಿಗೂ ಕೇಳೋ ಹಾಗೆ ಕೂಗಿ ಹೇಳ್ತೀನಿ. ಆವತ್ತು ನನ್ನದು ಮರೆವು, ತಪ್ಪು ಒಪ್ಕೋತೀನಿ. ಕಳ್ಳತನ ಅಂದ್ರೆ ಮಾತ್ರ ಈ ಜನ್ಮದಲ್ಲಿ ಒಪ್ಪಲ್ಲ."

ಆದೇಶ ಬರಲು ಕೆಲವು ವಾರ ಹಿಡಿಯಿತು, ಆದರೂ ಬಂತು. ನೋಂದಣಿ ಮರಳಿಸಿದೆ ಅಂತಿತ್ತು. ಕದ್ದಿಲ್ಲ ಅಂತಲೂ ಇತ್ತು. ಆ ಒಂದು ಸಾಲನ್ನು ವಿಮಲಮ್ಮ ಬೀದಿಗೆಲ್ಲ ಕೇಳುವ ಹಾಗೆ ಓದಿಸಿಕೊಂಡಳು. ಗೇಟಿನ ಆಂಟಿಯರು ಒಳಗೆ ಹೋದರು.

ಕೆಂಗೇರಿಯ ಒಂದು ಆಸ್ಪತ್ರೆಯಲ್ಲಿ ಕೆಲಸವೂ ಸಿಕ್ಕಿತು. ಮೊದಲ ಡ್ಯೂಟಿಯ ಬೆಳಗ್ಗೆ ಇಸ್ತ್ರಿ ಮಾಡಿದ ಏಪ್ರನ್ ತೊಟ್ಟು ಪೆನ್ನು ಸಿಕ್ಕಿಸಲು ಹೋದರೆ ಜೇಬಿಗೆ ಕೈಯೇ ಹೋಗಲಿಲ್ಲ. ಜೇಬಿನ ಬಾಯಿಯನ್ನು ಯಾರೋ ಹೊಲಿದುಬಿಟ್ಟಿದ್ದರು.

"ಅಮ್ಮಾ! ಏನಿದು?"

"ಜೇಬೇ ಬೇಡ ಕಣೇ ನಿನಗೆ," ಅಂದಳು ವಿಮಲಮ್ಮ ಅಡುಗೆಮನೆಯಿಂದ. "ನನ್ನ ಪೂಜೆಯಿಂದ ಒಂದ್ಸಲ ಆಗಿದ್ದೇ ಸಾಕು. ಎದೆ ಬಡ್ಕೊಂಡು ಬಡ್ಕೊಂಡು ಸಾಕಾಗಿದೆ."

ಕುಸುಮಾ ಕತ್ತರಿ ತಂದಳು. ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸಿ ದಾರ ಎಳೆದು ಹಾಕಿದಳು.

"ನಾನು ಕಳ್ಳಿ ಅಲ್ಲಮ್ಮ, ಜೇಬು ಯಾಕೆ ಹೊಲೀಬೇಕು?" ಅಂದಳು. ಪೆನ್ನು ಸಿಕ್ಕಿಸಿಕೊಂಡು, ಚಪ್ಪಲಿ ಮೆಟ್ಟಿ, ಬಸ್ಸಿಗೆ ಹೊರಟಳು.